ಜಮಾಯಿಸಾಬರ ಬೆಕ್ಕು

ನವೆಂಬರ್ 4, ಸೋಮವಾರ

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತು ಸ್ಟೇಷನ್ ರಸ್ತೆಯಲ್ಲಿ ಚಷ್ಮಾ ಕೊಳ್ಳಲು ಯಾರೂ ಬರುವುದಿಲ್ಲ. ಲೆನ್ಸ್ ಕಂಪನಿಯವರು ಕೊಟ್ಟ ಡೈರಿ ವರ್ಷವಿಡೀ ಖಾಲಿ ಬಿದ್ದಿತ್ತು. ಇಷ್ಟು ದಿನ ಬರೆಯಬೇಕು ಅನ್ನಿಸಿರಲಿಲ್ಲ. ಈಗ ಯಾರ ಮುಂದೆಯೂ ಆಡಲಾಗದ ಮಾತುಗಳು ಹೊಟ್ಟೆಯಲ್ಲಿ ಕೂತಿವೆ. ಅವುಗಳ ಜೊತೆ ಅತ್ತೆಯವರ ನಾಲ್ಕು ರೊಟ್ಟಿಯೂ ಕೂತಿವೆ.

ಆಗಿದ್ದು ಇಷ್ಟು. ನನ್ನ ಹೆಂಡತಿ ಸುಮಯ್ಯಾ ಶಾಲೆಯ ಕಡೆಯಿಂದ ತರಬೇತಿಗೆಂದು ಧಾರವಾಡಕ್ಕೆ ಹೋದಳು, ಬರುವುದು ಡಿಸೆಂಬರ್ ಕೊನೆಗೆ. ಅವಳು ಅತ್ತ ಹೋಗಿದ್ದೇ ತಡ, ನಮ್ಮ ಬಾಡಿಗೆ ಮನೆಯ ಮಾಲೀಕರು ರೇವಪ್ಪನವರು ಸೋರುವ ಮಾಳಿಗೆ ಒಡೆದು ಹೊಸ ಸ್ಲ್ಯಾಬ್ ಹಾಕಿಸುತ್ತೇನೆ ಎಂದರು. ಅಲ್ಲಿಯವರೆಗೆ ಅಂಗಡಿಯಲ್ಲೇ ಮಲಗೋಣ ಎಂದುಕೊಂಡಿದ್ದೆ. ಸುದ್ದಿ ಜಲನಗರದ ಮಾವನ ಮನೆಗೆ ಮುಟ್ಟಿತು. ಮಾವನವರು ಆಟೊ ಮಾಡಿಕೊಂಡು ಅಂಗಡಿ ಮುಂದೆ ಬಂದು ನಿಂತರು.

"ಜಮಾಯಿ ಅಂಗಡ್ಯಾಗ ಮಲಗ್ಯಾನ ಅಂದ್ರ ನಾವು ಊರಾಗ ಮಾರಿ ಹೆಂಗ ತೋರಸೂದ್ರಿ? ನಡ್ರಿ, ನಡ್ರಿ."

ಹಾಗಾಗಿ ಒಂದು ಸೂಟ್‌ಕೇಸು, ಒಂದು ಬೆಕ್ಕಿನೊಡನೆ, ಹೆಂಡತಿಯಿಲ್ಲದ ಅಳಿಯನಾಗಿ ಮಾವನ ಮನೆಯಲ್ಲಿದ್ದೇನೆ. ಮಾವನವರು ಅಬ್ದುಲಸಮದ ಸಾಹೇಬರು, ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡಿ ಈಗ ಮನೆಯಲ್ಲಿ ಕೂತವರು. ಅತ್ತೆಯವರು ರಾಜಬಿ. ಇಬ್ಬರೂ ನನ್ನನ್ನು ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಇಳಿಯುವುದು ಹೇಗೆ ಎನ್ನುವುದೇ ತಿಳಿಯುತ್ತಿಲ್ಲ. ನೀರು ಕುಡಿಯಲು ಎದ್ದರೂ "ಕುಂದರ್ರಿ, ನಾ ತರ್ತೀನಿ" ಅನ್ನುತ್ತಾರೆ.

ಆ ಮನೆಯಲ್ಲಿ ಮೊದಲೇ ಎರಡು ಬೆಕ್ಕಿವೆ. ಒಂದು ದಾದಿ. ಮುದುಕಿ, ಬಾಯಲ್ಲಿ ಹಲ್ಲಿಲ್ಲ, ಮೈಮೇಲೆ ಎಲುಬು ಬಿಟ್ಟರೆ ಬೇರೇನಿಲ್ಲ. ಕೋಳಿ ಕುದಿಸಿ, ಅರೆದು, ಅದರದೇ ನೀರಿನಲ್ಲಿ ಕಲಸಿಟ್ಟರೆ ನೆಕ್ಕುತ್ತಾಳೆ, ಅದೂ ಮನಸ್ಸು ಬಂದಾಗ. ಇನ್ನೊಂದು ಪೈಲ್ವಾನ. ಅವನು ಮಲಗಿದರೆ ಹಿಟ್ಟಿನ ಚೀಲ ಇಟ್ಟಂತೆ ಕಾಣುತ್ತಾನೆ. ಅವನ ಊಟ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರಂತೆ. ಮಾವನವರು ಒಪ್ಪುವುದಿಲ್ಲ, "ಅದರ ಎಲುಬ ಅಗಲ ಅದಾವ್ರಿ, ಅಷ್ಟ" ಎನ್ನುತ್ತಾರೆ.

ಮೂರನೆಯವನು ನಮ್ಮ ನವಾಬ. ಆಗಸ್ಟ್‌ನಲ್ಲಿ ಅವನಿಗೆ ಮೂತ್ರ ಕಟ್ಟಿತ್ತು. ಗಂಡು ಬೆಕ್ಕಿಗೆ ಅದು ಜೀವಕ್ಕೇ ಬರುವ ಕಾಯಿಲೆ. ಡಾಕ್ಟರ್ ಸುಧಾರಾಣಿಯವರು ನಳಿಕೆ ಹಾಕಿ ಉಳಿಸಿದರು. "ಇನ್ನ ಮ್ಯಾಲೆ ಈ ಪಾಕೀಟಿನ ಊಟ, ಮತ್ತ ನೀರು. ಒಣಮೀನು, ಕೆನಿ, ಖೀಮಾ ಒಂದೂ ನಡಿಯೂದಿಲ್ಲ. ಮತ್ತೊಮ್ಮೆ ಕಟ್ಟಿದ್ರ ಉಳೀತೈತಿ ಅಂತ ನಾ ಮಾತ ಕೊಡಾಂಗಿಲ್ಲ" ಅಂದಿದ್ದರು.

ಒಬ್ಬಳು ದಪ್ಪಗಾಗಬೇಕು, ಒಬ್ಬ ಸಣ್ಣಗಾಗಬೇಕು, ಒಬ್ಬ ಬದುಕಿ ಉಳಿಯಬೇಕು. ಮೂವರಿಗೂ ಒಂದೇ ಅಡುಗೆಮನೆ. ಆ ಅಡುಗೆಮನೆಯ ಹೊಸ್ತಿಲನ್ನು ಜಮಾಯಿ ದಾಟುವಂತಿಲ್ಲ.

ನವೆಂಬರ್ 6, ಬುಧವಾರ

ಬೆಳಿಗ್ಗೆ ನವಾಬನ ಪಾಕೀಟು ಒಡೆದು ತಟ್ಟೆಗೆ ಹಾಕುತ್ತಿದ್ದೆ. ಅತ್ತೆಯವರು ಬಂದು ನಿಂತರು. ಆ ಕಂದು ಬಣ್ಣದ ಮುದ್ದೆಯನ್ನು ನೋಡಿ ಅವರ ಮುಖ ಸಪ್ಪಗಾಯಿತು.

"ಇದೇನ್ರಿ ಇದು?"

"ಇವನ ಊಟಾರಿ ಅತ್ತಿ. ಡಾಕ್ಟರ್ ಬರದ ಕೊಟ್ಟಾರ."

"ನಮ್ಮ ಮನಿಗೆ ಬಂದು ಇದನ್ನ ತಿನ್ನಬೇಕೇನ್ರಿ ಅದು? ನಮ್ಮ ಬೆಕ್ಕ ಕೋಳಿ ತಿಂತಾವ, ಜಮಾಯಿಸಾಬರ ಬೆಕ್ಕ ರಾಡಿ ತಿಂತದೇನು?"

"ಅದಕ್ಕ ಇಷ್ಟ ಸಾಕ್ರಿ."

"ತಕಲ್ಲುಫ್ ಮಾಡಬ್ಯಾಡ್ರಿ, ನಮ್ಮ ಮುಂದ ಎಂಥಾ ಸಂಕೋಚ" ಎಂದು ನಕ್ಕು ಒಳಗೆ ಹೋದರು. ಬರುವಾಗ ಬಟ್ಟಲಲ್ಲಿ ಕೆನೆ ಇತ್ತು. ನಾನು "ಬ್ಯಾಡ್ರಿ, ಬ್ಯಾಡ್ರಿ" ಎಂದೆ. ನವಾಬ ಬೇಡ ಅನ್ನಲಿಲ್ಲ.

ಕಾಖಂಡಕಿಯ ನಮ್ಮ ಮನೆಯಲ್ಲಿ ಬೆಕ್ಕಿಗೆ ಊಟ ಹಾಕುವ ಪದ್ಧತಿಯೇ ಇಲ್ಲ. ಇಲಿ ಹಿಡಿ, ತಿನ್ನು, ಮುಗಿಯಿತು. ಆ ಮನೆಯಿಂದ ಬಂದವನು ನಾನು, ಬೆಕ್ಕಿನ ಪಥ್ಯದ ಬಗ್ಗೆ ಅತ್ತೆಯ ಮುಂದೆ ವಾದಕ್ಕೆ ನಿಲ್ಲಲೇ?

ನವೆಂಬರ್ 11, ಸೋಮವಾರ

ನಿನ್ನೆ ಭಾನುವಾರ. ಮಾವನವರು ಕೊಲ್ಹಾರದ ಕಡೆಯಿಂದ ಹೊಳೆಮೀನು ತರಿಸಿದ್ದರು. ನನ್ನ ತಟ್ಟೆಗೆ ಮೂರು ತುಂಡು ಬಿದ್ದವು. "ಸಾಕ್ರಿ" ಎಂದೆ, ನಾಲ್ಕನೆಯದು ಬಿತ್ತು. ಅದೇ ಹೊತ್ತಿಗೆ ಮೂಲೆಯಲ್ಲಿ ನವಾಬನ ಮುಂದೆ ಇಡೀ ಮೀನಿನ ತಲೆ ಬಂದು ಕೂತಿತು.

"ಮಾಮಾ, ಅವನಿಗೆ ಬ್ಯಾಡ್ರಿ" ಎಂದೆ.

"ಇರ್ಲಿ ಬಿಡ್ರಿ, ತಿನ್ಲಿ. ನೀವರ ಏನ ಉಂತೀರಿ, ಗುಬ್ಬಿ ಉಂಡಂಗ ಉಂತೀರಿ."

ನಾನು ಆಗಷ್ಟೇ ಐದನೇ ತುಂಡು ಮುಗಿಸಿದ್ದೆ.

ಇನ್ನೊಂದು ಕಡೆ ಬೇರೆಯದೇ ಲೂಟಿ. ನವಾಬನ ಪಾಕೀಟಿನ ಊಟವನ್ನು ಪೈಲ್ವಾನ ತಿನ್ನುತ್ತಾನೆ. ದಾದಿಯ ಅರೆದ ಕೋಳಿಯನ್ನು ಪೈಲ್ವಾನನೇ ತಿನ್ನುತ್ತಾನೆ. ತನ್ನದನ್ನಂತೂ ಬಿಡುವುದಿಲ್ಲ. ದಾದಿ ಖಾಲಿ ಬಟ್ಟಲು ಮೂಸಿ, ಯಾರನ್ನೂ ದೂರದೆ ಬಿಸಿಲಿಗೆ ಹೋಗಿ ಮಲಗುತ್ತಾಳೆ.

ರಾತ್ರಿ ಫೋನಿನಲ್ಲಿ ಸುಮಯ್ಯಾಗೆ ಹೇಳಿದೆ. "ನಾ ಅಮ್ಮಿಗೆ ಹೇಳ್ಲೇನು? ಒಂದ ಮಾತಿನ ಕೆಲಸ" ಎಂದಳು.

"ಅಲ್ಲಾನ ಆಣಿ ಹೇಳಬ್ಯಾಡ" ಎಂದೆ. ಅಳಿಯ ಬಂದು ಎಂಟು ದಿನ ಆಗಿಲ್ಲ, ಬೆಕ್ಕಿನ ಊಟಕ್ಕೆ ತಕರಾರು ತೆಗೆದ, ಅದೂ ಹೆಂಡತಿಯ ಬಾಯಿಂದ ಹೇಳಿಸಿದ ಅಂತಾಗಬಾರದು. ಮರ್ಯಾದೆ ಅನ್ನುವುದೊಂದಿದೆ.

"ಮರ್ಯಾದಿ ನಿಮ್ಮದೋ ಬೆಕ್ಕಿಂದೋ?" ಎಂದು ಕೇಳಿ ಫೋನ್ ಇಟ್ಟಳು. ಮೇಷ್ಟ್ರಮ್ಮನ ಹತ್ತಿರ ಸಲಹೆ ಕೇಳಬಾರದು.

ನವೆಂಬರ್ 15, ಶುಕ್ರವಾರ

ಹೊಸ ಉಪಾಯ. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ನವಾಬನಿಗೆ ಉಣಿಸುವುದು. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಅತ್ತೆಯವರು ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ನನಗೆ ಚಹಾ, ಇನ್ನೊಂದು ಕೈಯಲ್ಲಿ ಅವನಿಗೆ ಖೀಮಾ. "ಬಾಗಲ ಹಾಕ್ಕೊಂಡ ಕುಂತೀರಿ, ನಮ್ಮಿಂದ ಏನರ ತಪ್ಪ ಆಗೇತೇನ್ರಿ?" ಎಂದು ಕೇಳಿದರು. ನಾನು ಬಾಗಿಲು ತೆರೆದಿಟ್ಟೆ. ಬೇರೆ ಏನು ಮಾಡಬಹುದಿತ್ತು?

ಇದಕ್ಕೆ ತುಪ್ಪ ಸುರಿದವಳು ಪಕ್ಕದ ಮನೆಯ ಮಾಶಾಬಿ. ಅವಳಿಗೆ ಎಲ್ಲರ ಮನೆಯ ಚಿಂತೆ. ಕಂಪೌಂಡ್ ಮೇಲಿಂದ ಇಣುಕಿ, "ರಾಜಬಿ, ಜಮಾಯಿ ಬೆಕ್ಕ ಸೊರಗಿದಂಗ ಕಾಣ್ತೈತಿ ನೋಡ ಬೇ" ಎಂದಳು. ಅಷ್ಟು ಸಾಕಾಯಿತು. ಸಂಜೆ ಮಾವನವರು ಸಂತೆಯಿಂದ ಒಣ ಸಿಗಡಿ ತಂದರು, ನವಾಬನ ಹೆಸರಿನಲ್ಲಿ.

ನವೆಂಬರ್ 20, ಬುಧವಾರ

ಅಂಗಿಯ ಗುಂಡಿ ಕಿತ್ತು ಹೋಯಿತು. ಹೊಟ್ಟೆಯ ಹತ್ತಿರದ್ದೇ.

ನವಾಬ ಮೂತ್ರಕ್ಕೆ ಹೋಗುವ ಮರಳಿನ ಡಬ್ಬಿ ಒಣಗಿದಂತೆ ಕಾಣುತ್ತದೆ. ಚಳಿಗಾಲ, ನೀರು ಕಡಿಮೆ ಕುಡಿಯುತ್ತಾನೆ, ಇರಬಹುದು. ಇವತ್ತು ಮಾವನವರಿಗೆ ಹೇಳಿಯೇ ಬಿಡುತ್ತೇನೆ ಎಂದು ಹೋದೆ. ಅವರು ನನಗೆಂದು ಹೊಸ ಗಾದಿ ಹೊಲಿಸಿ ತಂದಿದ್ದರು. ಬಾಯಿಗೆ ಬಂದ ಮಾತು ವಾಪಸು ಹೋಯಿತು.

ನವೆಂಬರ್ 25, ಸೋಮವಾರ

ಅಂಗಡಿ ತೆರೆದಿಲ್ಲ. ಡಾಕ್ಟರ್ ಸುಧಾರಾಣಿಯವರ ದವಾಖಾನೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆಯದನ್ನೆಲ್ಲ ಬರೆದರೆ ಎದೆ ಹಗುರಾದೀತು.

ನಿನ್ನೆ ಮಧ್ಯಾಹ್ನ ಬಬಲೇಶ್ವರದಿಂದ ಮಾವನವರ ಹಳೇ ಗೆಳೆಯ ಮಶಾಕಸಾಬ ಬಂದಿದ್ದರು. ನೆಲದ ಮೇಲೆ ಊಟದ ದಸ್ತರಖಾನ ಹಾಸಿ ಬಿರ್ಯಾನಿ ಬಡಿಸಿದರು. ನಾನು ಮಾವನವರ ಪಕ್ಕ ಕೂತಿದ್ದೆ. ಕೂತಲ್ಲಿಂದ ನನ್ನ ಕೋಣೆಯ ಮೂಲೆ ಕಾಣುತ್ತಿತ್ತು. ನವಾಬ ಡಬ್ಬಿಗೆ ಹೋದ, ಕೂತ, ಎದ್ದ. ಮತ್ತೆ ಹೋದ, ಕೂತ, ಎದ್ದ. ಮೂರನೇ ಸಲ ಸಣ್ಣಗೆ ಕೂಗಿದ. ಆ ಕೂಗು ನನಗೆ ಗೊತ್ತು. ಆಗಸ್ಟ್‌ನಲ್ಲಿ ಕೇಳಿದ್ದೆ.

ಹಿರಿಯರು ಏಳುವ ಮೊದಲು ಜಮಾಯಿ ಊಟದಿಂದ ಏಳುವುದು ಎಲ್ಲಿಯೂ ಇಲ್ಲ. ಮಶಾಕಸಾಬರು ನಿಧಾನವಾಗಿ ಎಲುಬು ಚೀಪುತ್ತ ತಮ್ಮ ಬೋರ್‌ವೆಲ್ ಕಥೆ ಹೇಳುತ್ತಿದ್ದರು. ನಾನು ಕೂತೇ ಇದ್ದೆ. ಒಂದು ಬೋರ್‌ವೆಲ್ ಮುಗಿದು ಎರಡನೆಯದು ಶುರುವಾಯಿತು, ಆಗಲೂ ಕೂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನವಾಬ ಡಬ್ಬಿಯಲ್ಲೇ ಪಕ್ಕಕ್ಕೆ ವಾಲಿದ. ಆಮೇಲೆ ನಾನು ಎದ್ದದ್ದು ನನಗೇ ತಿಳಿಯಲಿಲ್ಲ. ಬಿರ್ಯಾನಿ ಮೆತ್ತಿದ ಕೈಯಲ್ಲೇ ಅವನನ್ನು ಎತ್ತಿಕೊಂಡು ಹೊರಗೆ ಓಡಿದೆ.

ಮಾವನವರು ಹಿಂದೆಯೇ ಬಂದರು. ಏನು, ಯಾಕೆ ಅಂತ ಒಂದು ಮಾತೂ ಕೇಳದೆ ಸ್ಕೂಟರ್ ಹೊರಗೆ ತೆಗೆದರು. ಭಾನುವಾರ, ದವಾಖಾನೆ ಮುಚ್ಚಿತ್ತು. ಡಾಕ್ಟರು ಮನೆಯಿಂದ ಬಂದು ಬಾಗಿಲು ತೆರೆದರು. ಹೊಟ್ಟೆ ಮುಟ್ಟಿ ನೋಡಿ ಅವರ ಹುಬ್ಬು ಗಂಟಾಯಿತು.

"ಕಲ್ಲಿನಂಗ ಆಗೇತಿ. ಏನ ತಿನ್ನಸೀರಿ ಇದಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಮಾವನವರು ಎದೆಯುಬ್ಬಿಸಿ ಉತ್ತರಿಸಿದರು. "ನಾವೇನ ಕಡಿಮಿ ಮಾಡಿಲ್ಲರಿ ಡಾಕ್ಟರ್. ಹೊಳಿಮೀನ ಹಾಕೇವಿ, ಕೆನಿ ಹಾಕೇವಿ, ಖೀಮಾ, ಒಣ ಸಿಗಡಿ, ಎಲ್ಲಾ ಹಾಕೇವಿ. ಜಮಾಯಿಸಾಬರ ಬೆಕ್ಕ ಐತ್ರಿ ಇದು."

ಡಾಕ್ಟರು ನನ್ನ ಕಡೆ ನೋಡಿದರು. "ಯಾವುದೂ ನಡಿಯೂದಿಲ್ಲ ಅಂತ ನಿಮ್ಮ ಅಳಿಯಾರಿಗೆ ನಾನ ಹೇಳಿದ್ದೆ. ಅವರು ನಿಮಗ ಹೇಳಿಲ್ಲೇನ್ರಿ?"

"ಹೇಳ್ಯಾರ್ರಿ. ಸಾಕು, ಬ್ಯಾಡ ಅಂತ ಹೇಳ್ಯಾರ" ಎಂದರು ಮಾವನವರು. ಅವರ ದನಿ ಅಲ್ಲಿಗೇ ಸಣ್ಣಗಾಯಿತು. "ಅವರು ಎಲ್ಲಾದಕ್ಕೂ ಸಾಕು, ಬ್ಯಾಡ ಅಂತಾರ್ರಿ. ಅಂದು ಉಂತಾರ."

ನಾನು ತಲೆ ತಗ್ಗಿಸಿ ನವಾಬನನ್ನು ಹಿಡಿದುಕೊಂಡೆ.

ರಾತ್ರಿ ಮನೆಗೆ ಹೋದಾಗ ಅತ್ತೆಯವರು ಊಟ ಮಾಡದೆ ಕೂತಿದ್ದರು. ನನ್ನ ಮುಂದೆ ತಟ್ಟೆ ಇಟ್ಟರು. ನಾನು ಎರಡು ರೊಟ್ಟಿ ತಿಂದೆ. ಮೂರನೆಯದು ಬಂತು. "ಸಾಕ್ರಿ" ಎಂದೆ. ಕೈ ನಿಲ್ಲಲಿಲ್ಲ, ರೊಟ್ಟಿ ತಟ್ಟೆಗೆ ಬಿತ್ತು. ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು.

"ಅತ್ತಿ, ಸಾಕು ಅಂದ್ರ ಸಾಕು! ಮೂರನೇ ರೊಟ್ಟಿ ನನಗ ಬ್ಯಾಡ. ಇವತ್ತಷ್ಟ ಅಲ್ಲ, ಬಂದ ದಿನದಿಂದ ಬ್ಯಾಡಾಗಿತ್ತು. ಮೀನಿನ ತಲಿ ಅವಂಗ ಬ್ಯಾಡಾಗಿತ್ತು. ನಾ ನಗನಗತಾ ಹೇಳಿದೆ, ನನ್ನ ತಪ್ಪು. ಈಗ ಒದರಿ ಹೇಳಾಕತ್ತೇನಿ. ಬ್ಯಾಡ!"

ಮಾವನವರು ಗೋಡೆ ನೋಡಿದರು. ಈಗ ಸೂಟ್‌ಕೇಸು ಕಟ್ಟುವುದೊಂದೇ ದಾರಿ ಅಂದುಕೊಂಡೆ. ಅತ್ತೆಯವರು ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ನನ್ನ ತಟ್ಟೆಯಿಂದ ರೊಟ್ಟಿ ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.

"ಇಷ್ಟ ದಿನ ಯಾಕ ಒದರಲಿಲ್ಲ ನೀನು?" ಎಂದು ಕೇಳಿ ಅದನ್ನೇ ಮುರಿದು ಉಂಡರು.

ನವಾಬ ಒಳಗೆ ನಳಿಕೆ ಹಾಕಿಕೊಂಡು ಮಲಗಿದ್ದಾನೆ. ನಾಳೆಯವರೆಗೆ ಏನೂ ಹೇಳಲಾಗುವುದಿಲ್ಲ ಎನ್ನುತ್ತಾರೆ ಡಾಕ್ಟರು.

ನವೆಂಬರ್ 27, ಬುಧವಾರ

ಬಂತು! ನಳಿಕೆ ತೆಗೆದ ಮೇಲೆ ತಾನಾಗಿಯೇ ಮಾಡಿದ. ಡಾಕ್ಟರು ಹೊರಗೆ ಬಂದು "ಹಾದಿ ಬಿಟ್ಟೈತಿ" ಎಂದು ನಕ್ಕರು. ಜೀವನದಲ್ಲಿ ಬೆಕ್ಕಿನ ಮೂತ್ರ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುವವನಾಗುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಮಾವ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ತಿಕೋಟಾದ ನೆಂಟರಿಗೆಲ್ಲ ಫೋನ್ ಮಾಡಿದರು. "ಬಂತ್ರಿ, ಬಂತು! ಛಲೋ ಬಂತು!" ರಸ್ತೆಯಲ್ಲಿ ಹೋಗುವವರು ಯಾವ ರೈಲು ಬಂತೋ ಎಂದು ತಿರುಗಿ ನೋಡಿದರು.

ನವೆಂಬರ್ 30, ಶನಿವಾರ

ಅಡುಗೆಮನೆಯಲ್ಲಿ ಹೊಸ ವ್ಯವಸ್ಥೆ. ಮಾವನೇ ಸೂತ್ರಧಾರ.

ನವಾಬನ ತಟ್ಟೆ ಫ್ರಿಜ್ ಮೇಲೆ. ಅವನು ಜಿಗಿಯಬಲ್ಲ, ಪೈಲ್ವಾನನಿಗೆ ಆಗದು. ದಾದಿಗೆ ದ್ರಾಕ್ಷಿ ತುಂಬುವ ಕ್ರೇಟನ್ನು ಬೋರಲು ಹಾಕಿ, ಅದರ ಬದಿಗೆ ಒಂದು ಕಿಂಡಿ ಕೊಯ್ದಿದ್ದಾರೆ. ಅವಳು ಒಳಗೆ ಹೋಗಿ ಆರಾಮಾಗಿ ಕೂತು ನೆಕ್ಕಬಹುದು. ಪೈಲ್ವಾನ ಮೊದಲ ದಿನವೇ ತಲೆ ತೂರಿಸಿದ, ಹೆಗಲು ಹಿಡಿಯಿತು, ಕ್ರೇಟನ್ನೇ ಹೊತ್ತುಕೊಂಡು ಅಂಗಳಕ್ಕೆ ಓಡಿದ. ಒಳಗಿದ್ದ ದಾದಿ ಬಯಲಿನಲ್ಲಿ ಕೂತು ನೆಕ್ಕುವುದನ್ನು ಮುಂದುವರಿಸಿದಳು. ಈಗ ಕ್ರೇಟಿನ ಮೇಲೆ ರುಬ್ಬುಗುಂಡು ಇಟ್ಟಿದ್ದೇವೆ.

ಪೈಲ್ವಾನನ ಅಳತೆಯ ಊಟ ಮಾಳಿಗೆಯ ಮೇಲೆ. ಬೇಕಾದರೆ ಮೆಟ್ಟಿಲು ಹತ್ತಲಿ. ತಟ್ಟೆ ಒಯ್ಯುವ ಕೆಲಸ ಮಾವನದು. ಇಬ್ಬರೂ ಏದುಸಿರು ಬಿಡುತ್ತ ಹತ್ತುತ್ತಾರೆ, ನಡುವೆ ಒಂದು ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ.

ಒಂದೇ ತೊಂದರೆ. ನವಾಬ ಸಣ್ಣವನು, ತನ್ನದು ಮುಗಿಸಿ ದಾದಿಯ ಕಿಂಡಿಯೊಳಗೆ ಹೋಗಬಲ್ಲ. ಒಬ್ಬರು ಪಹರೆ ಕೂರಬೇಕು. ಅತ್ತೆಯ ಕೈ ಹಿಟ್ಟಿನಲ್ಲಿರುತ್ತದೆ, ಮಾವ ಮಾಳಿಗೆಯ ಮೇಲಿರುತ್ತಾರೆ. ಹಾಗಾಗಿ ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ಹೊಸ್ತಿಲು ದಾಟಿದಾಗ ಯಾರೂ ಏನೂ ಅನ್ನಲಿಲ್ಲ. ಬರೀ ಬೆಕ್ಕಿಗೋಸ್ಕರ, ಅಷ್ಟೇ.

ಡಿಸೆಂಬರ್ 4, ಬುಧವಾರ

ಪಹರೆ ಕೂತವನ ಕೈ ಖಾಲಿ ಇರುವುದನ್ನು ಅತ್ತೆ ಕಂಡುಹಿಡಿದುಬಿಟ್ಟರು. "ಸುಮ್ನ ಕುಂತೀಯಲ್ಲ, ಈ ಬಳ್ಳೊಳ್ಳಿ ಸುಲಿ" ಎಂದು ಬುಟ್ಟಿ ಮುಂದಿಟ್ಟರು. ನಿನ್ನೆ ಶೇಂಗಾ ಹುರಿಸಿದರು. ಇವತ್ತು ಹಾಲು ಕಾಯಲು ಕೂರಿಸಿದರು. ಉಕ್ಕಿತು. "ಕಣ್ಣೆಲ್ಲಿ ಇಟ್ಟಿದ್ದಿಯೋ? ಊರ ಮಂದಿಗೆ ಚಷ್ಮಾ ಹಾಕ್ತಿ, ನೀ ಒಂದ ಹಾಕ್ಕೋ!" ಎಂದು ಬೈದರು. ತಿಂಗಳ ಹಿಂದೆ ಇದೇ ಅತ್ತೆ ನನಗೆ ನೀರಿನ ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಜನ ಎಷ್ಟು ಬೇಗ ಬದಲಾಗುತ್ತಾರೆ.

ಇವತ್ತು ಎರಡೇ ರೊಟ್ಟಿ ಬಂದವು. ಮೂರನೆಯದು ಬೇಕಿತ್ತು, ಕೇಳಿ ಹಾಕಿಸಿಕೊಂಡೆ.

ಡಿಸೆಂಬರ್ 9, ಸೋಮವಾರ

ನಿನ್ನೆ ಮಾಶಾಬಿ ಬಂದಳು. ನಾನು ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದೆ. ಅವಳು ಬಾಗಿಲಲ್ಲೇ ನಿಂತು ಕೆನ್ನೆಗೆ ಕೈ ಹಚ್ಚಿದಳು.

"ಯಾ ಅಲ್ಲಾ! ಜಮಾಯಿ ಕೈಯಾಗ ಉಳ್ಳಾಗಡ್ಡಿ?"

"ಅವನ ಕೈ ಏನ ಸವದ ಹೋಗ್ತಾವೇನು?" ಎಂದರು ಅಮ್ಮಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. ನನ್ನ ಪರವಾಗಿ ಒಂದು ಒಳ್ಳೆಯ ಮಾತು ಆಡಬಹುದಿತ್ತು.

ಮಾಶಾಬಿ ಸೆರಗಿನಿಂದ ಒಂದು ಪೊಟ್ಟಣ ಬಿಚ್ಚಿದಳು. ಘಮ್ಮೆಂದು ಒಣಮೀನಿನ ವಾಸನೆ. ಫ್ರಿಜ್ ಮೇಲಿದ್ದ ನವಾಬ ಎದ್ದು ನಿಂತ. "ಪಾಪ, ದವಾಖಾನಿಗೆ ಹೋಗಿ ಬಂದೈತಿ. ಒಂದೀಟ ಬಾಯಿಗೆ ರುಚಿ ಆಗ್ಲಿ."

"ಬ್ಯಾಡ ಮಾಶಾಬಿ" ಎಂದರು ಅಮ್ಮಿ.

"ನನ್ನ ಮುಂದ ಏನ ತಕಲ್ಲುಫ್ ಬೇ!"

ಅಮ್ಮಿ ಥಟ್ಟನೆ ಎದ್ದು ಪೊಟ್ಟಣ ಕಸಿದು, ಕಟ್ಟಿ, ಮಾಶಾಬಿಯ ಕೈಗೇ ತುರುಕಿದರು. "ಬ್ಯಾಡ ಅಂದ್ರ ಬ್ಯಾಡ. ಅದು ತಿಂದ್ರ ಸಾಯ್ತೈತಿ. ನಾವು ಒಮ್ಮೆ ಪ್ರೀತಿಲೆ ಕೊಲ್ಲಾಕ ಹೋಗಿದ್ದಿವಿ, ಮತ್ತ ಹೋಗಾಂಗಿಲ್ಲ." ಅಮ್ಮಿಯ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುತ್ತಿದ್ದವನು ನಾನು, ಅವರಲ್ಲ.

ಮಾಶಾಬಿ ಮುಖ ಗಂಟು ಹಾಕಿಕೊಂಡು ಹೋದಳು. ಸಂಜೆ ಅಬ್ಬಾ ಅವಳ ಮನೆಗೆ ಒಂದು ಡಬ್ಬಿ ಒಣದ್ರಾಕ್ಷಿ ಒಯ್ದು ಕೊಟ್ಟು, ಅವಳ ಕೈಯ ಚಹಾ ಕುಡಿದು ರಾಜಿ ಮಾಡಿ ಬಂದರು. ಈಗ ಅವಳೇ ಕಂಪೌಂಡ್ ಮೇಲಿಂದ "ಏ, ಯಾರೂ ಆ ಬೆಕ್ಕಿಗೆ ಏನೂ ಹಾಕಬ್ಯಾಡ್ರಿ" ಎಂದು ಓಣಿಗೆಲ್ಲ ಸಾರುತ್ತಿದ್ದಾಳೆ.

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಗಾಬರಿ. ನವಾಬ ಡಬ್ಬಿಗೆ ಹೋಗಿ ಏನೂ ಮಾಡದೆ ಬಂದ. ಅಮ್ಮಿ ಒಲೆ ಆರಿಸಿದರು, ಅಬ್ಬಾ ಸ್ಕೂಟರ್ ಕೀಲಿ ಹಿಡಿದರು, ನಾನು ಟವೆಲ್ ಹಿಡಿದೆ. ಮೂವರೂ ಡಬ್ಬಿಯ ಸುತ್ತ ನಿಂತು ನೋಡುತ್ತಿದ್ದೆವು. ಅವನೂ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

"ನಾವು ಹಿಂಗ ನಿಂತ್ರ ಯಾರಿಗಾದ್ರೂ ಬರ್ತೈತೇನು? ಮಾರಿ ತಿರಗಸ್ರಿ" ಎಂದರು ಅಮ್ಮಿ. ಮೂವರೂ ಗೋಡೆಯ ಕಡೆ ತಿರುಗಿ ನಿಂತೆವು. ಹಿಂದಿನಿಂದ ಮರಳು ಕೆರೆಯುವ ಸದ್ದು ಬಂತು. ಅಬ್ಬಾ ಮೆಲ್ಲಗೆ "ಅಲ್ಹಮ್ದುಲಿಲ್ಲಾ" ಅಂದರು.

ಅಂಗಡಿ ತೆರೆಯುವುದು ತಡವಾಯಿತು. ಕಾಯುತ್ತಿದ್ದ ಗಿರಾಕಿಗೆ ಮನೆಯಲ್ಲಿ ಸ್ವಲ್ಪ ಆರಾಮಿರಲಿಲ್ಲ ಎಂದೆ.

ಡಿಸೆಂಬರ್ 21, ಶನಿವಾರ

ಮೂರನ್ನೂ ಡಾಕ್ಟರ ಹತ್ತಿರ ಒಯ್ದಿದ್ದೆವು. ನವಾಬನ ಮೂತ್ರ ಸ್ವಚ್ಛ. ದಾದಿಯ ಮೈ ಕೈಗೆ ಹತ್ತುತ್ತಿದೆ. ಪೈಲ್ವಾನನಿಗೆ ಕುತ್ತಿಗೆ ಅನ್ನುವುದೊಂದಿತ್ತು ಅಂತ ಎಲ್ಲರಿಗೂ ಗೊತ್ತಾಯಿತು. ಮೆಟ್ಟಿಲು ಹತ್ತಿ ಹತ್ತಿ ಅಬ್ಬಾರ ಪೈಜಾಮವೂ ಸಡಿಲಾಗಿದೆ. ಇನ್ನು ಮೇಲೂ ಹೀಗೇ ನಡೆಯಬೇಕು, ಒಂದು ದಿನ ತಪ್ಪಿದರೂ ಕಷ್ಟ ಎಂದರು ಡಾಕ್ಟರು. ಅಬ್ಬಾ ನನ್ನ ಕಡೆ ನೋಡಿದರು.

ಡಿಸೆಂಬರ್ 28, ಶನಿವಾರ

ಸುಮಯ್ಯಾ ಬಂದಳು. ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದೆ. ಎರಡು ತಿಂಗಳಿಂದ ನೋಡಿರಲಿಲ್ಲ, ಕಣ್ತುಂಬ ನೋಡಿದೆ. ಅವಳೂ ನನ್ನನ್ನು ನೋಡಿ, "ಮೈಯೆಲ್ಲಾ ಬಳ್ಳೊಳ್ಳಿ ವಾಸನಿ ಬರಾಕತ್ತೈತಿ" ಎಂದಳು.

ಮನೆಯಲ್ಲಿ ಅವಳಿಗೆ ಮೊದಲ ರೊಟ್ಟಿ, ದೊಡ್ಡ ತುಂಡು. ನಾನೂ ಕೂರಲು ಹೋದೆ. "ನೀ ಆಮ್ಯಾಲೆ ಉಣ್ಣು, ಮೊದಲ ದಾದಿಗೆ ಹಾಕು" ಎಂದರು ಅಮ್ಮಿ. ಸುಮಯ್ಯಾ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕಳು, ಕೆಮ್ಮು ಹತ್ತಿತು. ನಾನು ಕ್ರೇಟಿನ ಹತ್ತಿರ ಕೂತೆ. ಈ ಮನೆಯಲ್ಲಿ ನನ್ನ ಮರ್ಯಾದೆ ಉಳಿದಿಲ್ಲ. ಇದನ್ನು ಬರೆದಿಟ್ಟಿರಲಿ.

ಡಿಸೆಂಬರ್ 30, ಸೋಮವಾರ

ಶನಿವಾರ ಸಂಜೆಯೇ ರೇವಪ್ಪನವರ ಫೋನ್ ಬಂದಿತ್ತು. ಸ್ಲ್ಯಾಬ್ ಮುಗಿದಿದೆ, ಸುಣ್ಣ ಬಳಿದಾಗಿದೆ, ಯಾವಾಗ ಬೇಕಾದರೂ ಬರ್ರಿ ಎಂದರು. ನಿನ್ನೆ ಸುಮಯ್ಯಾ ಸೂಟ್‌ಕೇಸು ತುಂಬಲು ಕೂತಳು. ನಾನು ನವಾಬನ ಪಾಕೀಟುಗಳನ್ನು ಚೀಲಕ್ಕೆ ಹಾಕಿದೆ.

ನಮ್ಮಲ್ಲಿ ಹೋಗುವವರು ಹೋಗುತ್ತೇವೆ ಅನ್ನಬೇಕು, ಮನೆಯವರು ಇನ್ನೂ ನಾಲ್ಕು ದಿನ ಇರಿ ಅನ್ನಬೇಕು. ಇಲ್ಲ ಅನ್ನಬೇಕು, ಇರಿ ಅನ್ನಬೇಕು. ಮೂರು ಸಲವಾದರೂ ಹೀಗೆ ಎಳೆದಾಡಿದ ಮೇಲೆ ಹೋಗುವವರು ಹೋಗುತ್ತಾರೆ, ಯಾರಿಗೂ ಬೇಜಾರಾಗುವುದಿಲ್ಲ. ನಾನು ನಿನ್ನೆ ಬೆಳಿಗ್ಗೆ "ನಾಳೆ ಹೋಗ್ತೇವಿ ಅಮ್ಮಿ" ಎಂದೆ. ಅವರು "ಹೂಂ" ಎಂದಷ್ಟೇ ಹೇಳಿ ಹಿಟ್ಟು ನಾದಿದರು. ಅಬ್ಬಾ ಪೇಪರ್ ಓದುತ್ತಿದ್ದರು. ಯಾರೂ ಇರಿ ಅನ್ನಲಿಲ್ಲ. ದಿನವಿಡೀ ಅನ್ನಲಿಲ್ಲ. ನನಗೆ ಒಳಗೊಳಗೇ ಸಂಕಟವಾಯಿತು. ಬಾಯಿಮಾತಿಗಾದರೂ ಒಂದು ಸಲ ಅನ್ನಬಹುದಿತ್ತು.

ಸಂಜೆ ಬೆಕ್ಕುಗಳ ಊಟ ಮುಗಿದ ಮೇಲೆ ಬಚ್ಚಲಲ್ಲಿ ಮೂರು ತಟ್ಟೆ ತೊಳೆಯುತ್ತಿದ್ದೆ. ಹೆಂಚಿನ ಮೇಲೆ ರೊಟ್ಟಿ ಇತ್ತು. ಅಮ್ಮಿ ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದರು.

"ಹೋಗಬ್ಯಾಡ್ರಿ. ಇಲ್ಲೇ ಇರ್ರಿ ಇಬ್ಬರೂ."

ಅಷ್ಟೇ. ಇನ್ನೊಂದು ಸಲ ಹೇಳಲಿಲ್ಲ. ಕಾರಣವನ್ನೂ ಕೊಡಲಿಲ್ಲ. ಬಾಗಿಲಲ್ಲಿ ಸುಮಯ್ಯಾ ಬಟ್ಟೆ ಮಡಚುವುದನ್ನು ನಿಲ್ಲಿಸಿ ನಿಂತಿದ್ದಳು.

ನನ್ನ ಬಾಯಲ್ಲಿ "ಇಲ್ರಿ, ನಿಮಗ್ಯಾಕ ತ್ರಾಸು" ಅನ್ನುವುದು ಸಿದ್ಧವಾಗಿತ್ತು. ಹುಟ್ಟಿದಾಗಿನಿಂದ ಆಡಿ ಆಡಿ ನಾಲಿಗೆಗೆ ಅಂಟಿದ ಮಾತು ಅದು.

"ಹೂಂ ಅಮ್ಮಿ" ಎಂದೆ.

ಅವರು ರೊಟ್ಟಿ ತಿರುವಿ ಹಾಕಿದರು. "ಹಂಗಾದ್ರ ನಾಳಿ ಅಂಗಡಿಗೆ ಹೋಗೂವಾಗ ಗ್ಯಾಸ್ ಬುಕ್ ಮಾಡು" ಎಂದರು.

ಸುಮಯ್ಯಾ ನನ್ನನ್ನು ದೆವ್ವ ಹಿಡಿದವನನ್ನು ನೋಡಿದ ಹಾಗೆ ನೋಡಿದಳು. ರಾತ್ರಿ ಅವಳಿಗೆ ತಿಳಿಸಿ ಹೇಳಿದೆ. ಬೆಕ್ಕುಗಳ ಕೆಲಸಕ್ಕೆ ಮೂರು ಜನ ಬೇಕು, ಡಾಕ್ಟರೇ ಹೇಳಿದ್ದಾರೆ, ಇದರಲ್ಲಿ ಬೇರೇನೂ ಇಲ್ಲ ಎಂದೆ. ಅವಳು ಸೂಟ್‌ಕೇಸಿನ ಬಟ್ಟೆಗಳನ್ನು ಒಂದೊಂದಾಗಿ ಕಪಾಟಿಗೆ ವಾಪಸು ಇಟ್ಟಳು.

ಗಿರಾಕಿ ಬಂದರು. ಗ್ಯಾಸ್ ಬುಕ್ ಮಾಡಬೇಕು. ರೇವಪ್ಪನವರಿಗೂ ಫೋನ್ ಮಾಡಬೇಕು.